ತಾಹೋ ಸರೋವರದಲ್ಲಿ ಜಲಸುರಕ್ಷತೆ

ತಾಹೋ ಸರೋವರವು ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳ ಗಡಿಯಲ್ಲಿ, ಸಿಯೆರಾ ನೆವಾಡಾ ಪರ್ವತ ಪ್ರದೇಶದಲ್ಲಿರುವ ಸಿಹಿನೀರಿನ ಸರೋವರ. ಬೇಸಿಗೆಯಲ್ಲಿ ಇಲ್ಲಿ ಈಜು, ಕಯಾಕ್ ಹಾಗೂ ಪ್ಯಾಡಲ್‌ಬೋರ್ಡ್ ವಿಹಾರಗಳು ಜನಪ್ರಿಯ. ತಿಳಿನೀರು ಮತ್ತು ಪ್ರಖರ ಬಿಸಿಲನ್ನು ಕಂಡವರು ನೀರೂ ಬೆಚ್ಚಗಿರಬಹುದೆಂದು ಭಾವಿಸುವುದು ಸಹಜ. ಆದರೆ ಇಲ್ಲಿನ ಅಪಾಯಕ್ಕೆ ಮುಖ್ಯ ಕಾರಣ ನೀರಿನ ತಣ್ಪು.

ಭೌಗೋಳಿಕ ಹಿನ್ನೆಲೆ

ಸರೋವರವು ಸಮುದ್ರಮಟ್ಟದಿಂದ ಸುಮಾರು 1,897 ಮೀಟರ್ ಎತ್ತರದಲ್ಲಿದೆ. ಇದರ ಉದ್ದ ಸುಮಾರು 35 ಕಿ.ಮೀ., ಅಗಲ ಸುಮಾರು 19 ಕಿ.ಮೀ., ಗರಿಷ್ಠ ಆಳ 501 ಮೀಟರ್. ಸುತ್ತಲಿನ ಬೆಟ್ಟಗಳ ಹಿಮ ಕರಗಿದ ನೀರು ತೊರೆಗಳ ಮೂಲಕ ಇದನ್ನು ಸೇರುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮೇಲ್ಪದರದ ನೀರು ಸುಮಾರು 18ರಿಂದ 20 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾದರೂ ಆಳದ ನೀರು ವರ್ಷವಿಡೀ 5 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಪಶ್ಚಿಮದಿಂದ ಬಲವಾದ ಗಾಳಿ ಬೀಸಿದಾಗ ಮೇಲ್ಪದರದ ಬೆಚ್ಚನೆಯ ನೀರು ಪೂರ್ವಕ್ಕೆ ತಳ್ಳಲ್ಪಟ್ಟು, ಪಶ್ಚಿಮ ದಡದಲ್ಲಿ ಆಳದ ತಣ್ಣೀರು ಮೇಲೇರುತ್ತದೆ. ಹೀಗಾಗಿ ನಿನ್ನೆ ಹಿತವಾಗಿದ್ದ ನೀರು ಇಂದು ಕೊರೆಯುವಂತಿರಬಹುದು. ಕೆಲವೆಡೆ ದಡದ ಸಮೀಪದಲ್ಲೇ ತಳವು ಕಡಿದಾಗಿ ಇಳಿಯುತ್ತದೆ.

ತಣ್ಣೀರಿನ ಪರಿಣಾಮ

ನೀರು ಗಾಳಿಗಿಂತ ಬಹಳ ವೇಗವಾಗಿ ದೇಹದ ಶಾಖವನ್ನು ಸೆಳೆಯುತ್ತದೆ. ತಣ್ಣೀರಿಗೆ ಹಠಾತ್ತನೆ ಬಿದ್ದವರಿಗೆ ಮೊದಲ ಕ್ಷಣಗಳಲ್ಲಿ ಏದುಸಿರು ಬರುತ್ತದೆ. ಆಗ ತಲೆ ನೀರಿನೊಳಗಿದ್ದರೆ ಶ್ವಾಸಕೋಶಕ್ಕೆ ನೀರು ನುಗ್ಗುತ್ತದೆ. ಅತಿ ತಣ್ಣೀರಿನಲ್ಲಿ ಸುಮಾರು 10 ನಿಮಿಷಗಳಲ್ಲಿ ಕೈಕಾಲುಗಳ ಸ್ನಾಯುಗಳು ಹಿಡಿತ ಕಳೆದುಕೊಳ್ಳುತ್ತವೆ. ದೇಹದ ಒಳ ಉಷ್ಣತೆ ಅಪಾಯಕರ ಮಟ್ಟಕ್ಕೆ ಕುಸಿಯುವುದು ಇನ್ನೂ ತಡವಾಗಿ. ಆದ್ದರಿಂದ ನುರಿತ ಈಜುಗಾರರೂ ದೇಹ ತಣಿಯುವ ಮೊದಲೇ ಮುಳುಗುವ ಸಂಭವವಿದೆ.

ಗಾಳಿ ಮತ್ತು ಅಲೆಗಳು

ಬೇಸಿಗೆಯಲ್ಲಿ ಬೆಳಗಿನ ಹೊತ್ತು ಸರೋವರವು ಸಾಮಾನ್ಯವಾಗಿ ಶಾಂತವಾಗಿದ್ದು, ಮಧ್ಯಾಹ್ನ ಗಾಳಿ ಬಲಗೊಳ್ಳುತ್ತದೆ. ಪಶ್ಚಿಮದ ಗಾಳಿಯು ಪಶ್ಚಿಮ ದಡದಿಂದ ಹೊರಟ ಹಗುರ ಹಲಗೆಗಳನ್ನು ನಡುನೀರಿಗೆ ಒಯ್ಯಬಲ್ಲದು. 2025ರ ಜೂನ್ 21ರಂದು ಹಠಾತ್ತನೆ ಎದ್ದ ಬಿರುಗಾಳಿಗೆ ಮೋಟಾರು ದೋಣಿಯೊಂದು ಮಗುಚಿ, ಅದರಲ್ಲಿದ್ದ 10 ಮಂದಿಯಲ್ಲಿ 8 ಮಂದಿ ಮೃತಪಟ್ಟರು.

ಮುನ್ನೆಚ್ಚರಿಕೆಗಳು

- ಲೈಫ್ ಜಾಕೆಟ್ ಅನ್ನು ದೋಣಿಯಲ್ಲಿ ಇಟ್ಟುಕೊಂಡರೆ ಸಾಲದು, ಧರಿಸಿರಬೇಕು. ನೀರಿಗೆ ಬಿದ್ದ ಮೇಲೆ ಅದನ್ನು ತೊಡುವುದು ಬಹಳ ಕಷ್ಟ. ಸಣ್ಣ ದೋಣಿಗಳಲ್ಲಿ 13 ವರ್ಷದೊಳಗಿನ ಮಕ್ಕಳು ಇದನ್ನು ಧರಿಸುವುದನ್ನು ಎರಡೂ ರಾಜ್ಯಗಳ ಕಾನೂನು ಕಡ್ಡಾಯಗೊಳಿಸಿದೆ.
- ಹೊರಡುವ ಮುನ್ನ ಹವಾಮಾನ ಮುನ್ಸೂಚನೆಯನ್ನು ನೋಡಿ, ಗಾಳಿ ಏಳುವ ಮೊದಲೇ ದಡ ಸೇರಬೇಕು.
- ನೀರಿಗೆ ಧುಮುಕದೆ ನಿಧಾನವಾಗಿ ಇಳಿಯಬೇಕು. ದೂರ ಈಜುವವರು ವೆಟ್‌ಸೂಟ್, ಗಾಢ ಬಣ್ಣದ ಟೋಪಿ ಹಾಗೂ ತೇಲುಬುರುಡೆ ಬಳಸಿ, ದಡಕ್ಕೆ ಸಮಾನಾಂತರವಾಗಿ ಈಜುವುದು ಕ್ಷೇಮ.
- ಒಂಟಿಯಾಗಿ ಹೋಗಬಾರದು. ಮರಳುವ ವೇಳೆಯನ್ನು ದಡದಲ್ಲಿರುವವರಿಗೆ ತಿಳಿಸಿರಬೇಕು.

ಅವಘಡದ ಸಂದರ್ಭದಲ್ಲಿ

ನೀರಿಗೆ ಬಿದ್ದವರು ಮೊದಲ ನಿಮಿಷದಲ್ಲಿ ಈಜಲು ಹೆಣಗಾಡದೆ, ತಲೆಯನ್ನು ಮೇಲಿಟ್ಟು ತೇಲುತ್ತ ಉಸಿರನ್ನು ಹತೋಟಿಗೆ ತರಬೇಕು. ಮಗುಚಿದ ಕಯಾಕ್ ಅಥವಾ ಹಲಗೆಯನ್ನು ಬಿಡಬಾರದು. ಸಾಧ್ಯವಾದರೆ ಅದರ ಮೇಲೇರಬೇಕು. ದಡದಲ್ಲಿರುವವರು ಹಗ್ಗ ಅಥವಾ ತೇಲುವ ವಸ್ತುವನ್ನು ಎಸೆದು, 911ಕ್ಕೆ ಕರೆ ಮಾಡಬೇಕು. ಮೇಲೆ ತಂದವರನ್ನು ಮಲಗಿಸಿ, ಒದ್ದೆ ಬಟ್ಟೆ ತೆಗೆದು, ಕಂಬಳಿ ಹೊದಿಸಬೇಕು. ಕೈಕಾಲು ಉಜ್ಜುವುದು, ಮದ್ಯ ಕುಡಿಸುವುದು ಅಪಾಯಕರ. ನೀರಿನಿಂದ ಹೊರಬಂದ ಮೇಲೂ ದೇಹದ ಉಷ್ಣತೆ ಸ್ವಲ್ಪ ಕಾಲ ಇಳಿಯುತ್ತಲೇ ಇರಬಹುದಾದ್ದರಿಂದ, ಅವರನ್ನು ಒಂಟಿಯಾಗಿ ಬಿಡಬಾರದು.