ಗೇಟಿನಾಚೆಗೆ ನಿಲುಕದ ಅಳತೆ

ಯುವಜನರಿಗಾಗಿ ನಮ್ಮಲ್ಲಿ ನಡೆದ ಕಾರ್ಯಕ್ರಮಗಳಿಗೆ ಬರವಿಲ್ಲ. ಅವುಗಳಿಂದ ಹುಡುಗ ಹುಡುಗಿಯರ ಬದುಕಿನಲ್ಲಿ ಏನು ಬದಲಾಯಿತು ಎಂದು ಕೂತು ಲೆಕ್ಕ ಹಾಕಿದ ಅಧ್ಯಯನಗಳು ಮಾತ್ರ ತೀರಾ ಕಡಿಮೆ. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಬಂತು, 1972ರಲ್ಲಿ ನೆಹರು ಯುವ ಕೇಂದ್ರಗಳು ಬಂದವು. ವರದಿಗಳಲ್ಲಿ ಶಿಬಿರಗಳ ಸಂಖ್ಯೆ, ಸ್ವಯಂಸೇವಕರ ಸಂಖ್ಯೆ, ನೆಟ್ಟ ಸಸಿಗಳ ಸಂಖ್ಯೆ ತುಂಬಿಕೊಂಡವು.

ಯುವಕರೆಂದರೆ ಸಮಸ್ಯೆ ಎಂದು ನೋಡುವುದನ್ನು ಬಿಟ್ಟು, ಅವರೊಳಗಿನ ಕಸುವನ್ನು ಬೆಳೆಸುವ ಚಿಂತನೆ ಬಲಗೊಂಡದ್ದು 1990ರ ದಶಕದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಜೀವನ ಕೌಶಲ್ಯಗಳನ್ನು ಶಾಲೆಗಳಲ್ಲಿ ಕಲಿಸಿ ಎಂದಿತು. ಅಮೆರಿಕದಲ್ಲಿ ರಿಚರ್ಡ್ ಲರ್ನರ್ ಮತ್ತು ಸಂಗಡಿಗರು 2002ರಲ್ಲಿ ಆರಂಭಿಸಿದ ಅಧ್ಯಯನ ಸಾಮರ್ಥ್ಯ, ಆತ್ಮವಿಶ್ವಾಸ, ಒಡನಾಟ, ನಡತೆ, ಅನುಕಂಪ ಎಂಬ ಐದು ಗುಣಗಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ ಅಳೆಯಿತು.

ಕರ್ನಾಟಕದ ಮಟ್ಟಿಗೆ ನಾನು ಮತ್ತೆ ಮತ್ತೆ ತೆರೆದು ಓದುವುದು ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ತರಬೇತಿ ಪಡೆದ ಶಿಕ್ಷಕರಿಂದ ಒಂದು ವರ್ಷ ಜೀವನ ಕೌಶಲ್ಯ ಕಲಿತ 605 ಮಕ್ಕಳನ್ನು, ಪಕ್ಕದ ಶಾಲೆಗಳಲ್ಲಿ ಅದನ್ನು ಕಲಿಯದ 423 ಮಕ್ಕಳ ಜೊತೆ ಅವರು ಹೋಲಿಸಿದರು. ಕಲಿತವರಲ್ಲಿ ಆತ್ಮಗೌರವ ಹೆಚ್ಚಿತ್ತು, ಕಷ್ಟ ಬಂದಾಗ ನಿಭಾಯಿಸಬಲ್ಲೆ ಎಂಬ ಭರವಸೆ ಇತ್ತು, ಶಿಕ್ಷಕರೊಂದಿಗೆ ಹೊಂದಾಣಿಕೆ ಚೆನ್ನಾಗಿತ್ತು. ಆದರೆ ಮನೆಯಲ್ಲಿ, ಓರಗೆಯವರ ನಡುವೆ? ಎರಡೂ ಗುಂಪುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡದೆ ಬರೆದದ್ದು ಆ ಅಧ್ಯಯನದ ದೊಡ್ಡ ಗುಣ. ಪಾಠ ನಡೆದ ಜಾಗದಲ್ಲಿ ಫಲ ಕಂಡಿತು, ಗೇಟು ದಾಟಿದ ಮೇಲೆ ಕಾಣಲಿಲ್ಲ. ಮುಂದೆ ಬಂದ ಪ್ರತಿ ಮೌಲ್ಯಮಾಪನವನ್ನೂ ನಾನು ಈ ಸಾಲಿನ ಪಕ್ಕದಲ್ಲಿಟ್ಟೇ ಓದುತ್ತೇನೆ.

1999ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಡ್ರೀಮ್ ಎ ಡ್ರೀಮ್ ಸಂಸ್ಥೆ ಬಡ ಮಕ್ಕಳ ಬೆಳವಣಿಗೆಗೆ ತನ್ನದೇ ಅಳತೆಗೋಲು ರೂಪಿಸಿತು; 2014ರಲ್ಲಿ ಅದು ಪ್ರಕಟವಾಯಿತು. ಇತರರೊಂದಿಗೆ ಬೆರೆಯುವುದು, ಅಡಚಣೆ ದಾಟುವುದು, ತಾನಾಗಿ ಮುಂದೆ ಬರುವುದು, ಜಗಳ ನಿಭಾಯಿಸುವುದು, ಹೇಳಿದ್ದನ್ನು ಅರಿತು ಮಾಡುವುದು: ಕೇವಲ ಐದೇ ಅಂಶ. ಮಗುವನ್ನು ಬಲ್ಲ ದೊಡ್ಡವರೊಬ್ಬರು ‘ಇನ್ನೂ ಮಾಡುತ್ತಿಲ್ಲ’ ಎಂಬಲ್ಲಿಂದ ‘ಯಾರ ನೆರವಿಲ್ಲದೆ ಮಾಡುತ್ತದೆ’ ಎಂಬಲ್ಲಿಯವರೆಗೆ ಅಂಕ ಹಾಕಬೇಕು. ಉದ್ದುದ್ದ ಇಂಗ್ಲಿಷ್ ಪ್ರಶ್ನಾವಳಿಯ ಕಾಟ ತಪ್ಪಿಸಿದ ಈ ಜಾಣತನ ನನಗೆ ಇಷ್ಟ. ಅಷ್ಟಾದರೂ ಆ ದೊಡ್ಡವರು ನೋಡಬಲ್ಲದ್ದು ತಮ್ಮ ಕಣ್ಣೆದುರಿಗಿರುವುದನ್ನಷ್ಟೇ.

ಗಾರ್ಮೆಂಟ್ಸ್‌ನ ಕಥೆ ಬೇರೆ. ಬೆಂಗಳೂರಿನ ಐದು ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಾಷಧಮ್ ನಡೆಸಿದ ಪ್ರಯೋಗ 2018ರಲ್ಲಿ ಹೊರಬಂತು. ಮಾತುಗಾರಿಕೆ, ಸಮಯ ನಿರ್ವಹಣೆ, ಹಣಕಾಸಿನ ಅರಿವು ಮುಂತಾದವನ್ನು ಕಲಿಸುವ ‘ಪೇಸ್’ ತರಬೇತಿಗೆ ಹೆಣ್ಣುಮಕ್ಕಳನ್ನು ಲಾಟರಿ ಎತ್ತಿ ಆರಿಸಿದ್ದರಿಂದ ಹೋಲಿಕೆ ಗಟ್ಟಿಯಾಗಿ ನಿಂತಿತು. ತರಬೇತಿ ಪಡೆದವರ ಉತ್ಪಾದಕತೆ ಏರಿತು. ತರಬೇತಿ ಮುಗಿದ ಎಂಟೇ ತಿಂಗಳಲ್ಲಿ ಕಂಪನಿ ಹೂಡಿದ ಹಣಕ್ಕೆ ಶೇ. 250ಕ್ಕೂ ಮಿಕ್ಕಿ ಪ್ರತಿಫಲ ಸಿಕ್ಕಿತು. ಹೊಲಿದವಳ ಸಂಬಳ ಏರಿದ್ದು ಸುಮಾರು ಶೇ. 0.5. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದದೆ ‘ಯಶಸ್ಸು’ ಎಂದು ಹೇಳುವುದು ನನ್ನ ಮಟ್ಟಿಗೆ ಅನ್ಯಾಯ.

ಇಡೀ ರಾಜ್ಯವನ್ನು ಒಳಗೊಂಡ ದೊಡ್ಡ ಯತ್ನವೆಂದರೆ ‘ಯುವ ಸ್ಪಂದನ’. 2012ರ ಯುವ ನೀತಿಯ ನಂತರ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್‌ನ ಸಾಂಕ್ರಾಮಿಕ ರೋಗಶಾಸ್ತ್ರ ವಿಭಾಗದ ಜೊತೆಗೂಡಿ ಜಿಲ್ಲೆ ಜಿಲ್ಲೆಗಳಲ್ಲಿ ಕೇಂದ್ರ ತೆರೆಯಿತು. ‘ಯುವ ಪರಿವರ್ತಕರು’ ಎಂಬ ಅದರ ಕಾರ್ಯಕರ್ತರು ಹಳ್ಳಿ, ಕಾಲೇಜುಗಳಿಗೆ ಹೋಗುತ್ತಾರೆ. ಓದು, ಆರೋಗ್ಯ, ಸಂಬಂಧ, ಲೈಂಗಿಕತೆ, ಸುರಕ್ಷತೆಯ ಬಗ್ಗೆ ಮಾತಾಡುತ್ತಾರೆ. ವಯಸ್ಸಿನಲ್ಲಿ ಸರೀಕರಾದವರನ್ನೇ ಮುಂದಿಟ್ಟದ್ದು ಒಳ್ಳೆಯ ವಿಚಾರ. ಕೇಂದ್ರಗಳಿಗೆ ಬಂದವರ ದಾಖಲೆಗಳಿಂದ ಆತಂಕ, ಖಿನ್ನತೆ ಕುರಿತ ಸಂಶೋಧನಾ ಲೇಖನಗಳೂ ಬಂದಿವೆ. ಆದರೆ ದಾಖಲೆ ಬಾಗಿಲಿಗೆ ಬಂದವರದು ಮಾತ್ರ. ಪೀಣ್ಯ ಎರಡನೇ ಹಂತದಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ, ಒಂದು ರೂಮಿನಲ್ಲಿ ಐದಾರು ಜನ ಮಲಗುವ ರಾಯಚೂರಿನ ಹುಡುಗ ಕಚೇರಿ ವೇಳೆಯಲ್ಲಿ ಯಾವ ಕೇಂದ್ರಕ್ಕೂ ಬರಲಾರ. ಬೊಮ್ಮಸಂದ್ರದ ಕಾರ್ಖಾನೆಯ ಹಾಸ್ಟೆಲಿನಲ್ಲಿರುವ ಒಡಿಶಾದ ಹುಡುಗಿಗೆ ಕೇಂದ್ರದವರ ಕನ್ನಡವೇ ತಿಳಿಯದು. ವೈಟ್‌ಫೀಲ್ಡ್‌ನ ಪಿಜಿಗಳಲ್ಲಿ ರಾತ್ರಿಯಿಡೀ ದುಡಿದು ಹಗಲು ಮಲಗುವವರದೂ ಇದೇ ಪಾಡು.

ಹೀಗೆ ಲೆಕ್ಕಕ್ಕೆ ಸಿಗದವರು ಒಮ್ಮೆ ಬೀದಿಯಲ್ಲೇ ಕಾಣಿಸಿಕೊಂಡರು. 2016ರ ಏಪ್ರಿಲ್ 18 ಮತ್ತು 19ರಂದು ಪಿಎಫ್ ಹಣ ಹಿಂಪಡೆಯುವ ನಿಯಮ ಬಿಗಿಗೊಳಿಸಿದ್ದರ ವಿರುದ್ಧ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು, ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು. ಕಲ್ಲು ಬಿತ್ತು, ಲಾಠಿ ಬೀಸಿತು. ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ತಾನಾಗಿ ಮುಂದೆ ಬರುವುದು, ಒಡನಾಟ, ಅಡಚಣೆ ದಾಟುವುದು ಎಲ್ಲವೂ ಆ ಎರಡು ದಿನ ಬೀದಿಯಲ್ಲಿದ್ದವು. ಆ ಹಿಂಸೆಯನ್ನು ನಾನು ಸಮರ್ಥಿಸುತ್ತಿಲ್ಲ. ಅಲ್ಲಿ ಕಂಡ ಕಸುವನ್ನು ಗುರುತಿಸುವ ಕಾಲಂ ಯಾವ ಅಳತೆಪಟ್ಟಿಯಲ್ಲೂ ಇಲ್ಲ ಎನ್ನುವುದಷ್ಟೇ ನನ್ನ ದೂರು.

ಯುವ ಸ್ಪಂದನವನ್ನು ಇನ್ನೊಮ್ಮೆ ಅಳೆಯುವುದಾದರೆ ಪರಿವರ್ತಕರು ಹೋದ ಬಡಾವಣೆ, ಹೋಗದ ಬಡಾವಣೆ ಎರಡನ್ನೂ ಆರಿಸಿಕೊಂಡು, ಭಾನುವಾರ ರೂಮುಗಳ ಬಾಗಿಲಿಗೇ ಹೋಗಬೇಕು, ಹಿಂದಿ, ಒಡಿಯಾ ಬಲ್ಲವರನ್ನೂ ಕರೆದುಕೊಂಡು. ಕಷ್ಟ ಬಂದಾಗ ಯಾರಿಗೆ ಫೋನ್ ಮಾಡಿದಿರಿ, ಸೂಪರ್‌ವೈಸರ್ ಬೈದ ದಿನ ಏನು ಮಾಡಿದಿರಿ, ಸಂಬಳದಲ್ಲಿ ನಿಮ್ಮ ಕೈಯಲ್ಲಿ ಎಷ್ಟು ಉಳಿಯಿತು ಎಂದು ಕೇಳಬೇಕು. ವರ್ಷ ಬಿಟ್ಟು ಮತ್ತೆ ಅದೇ ಬಾಗಿಲು ತಟ್ಟುವಾಗ ಅವರಲ್ಲಿ ಅರ್ಧ ಜನ ರೂಮು ಬದಲಿಸಿರಬಹುದು. ಅವರನ್ನು ಹುಡುಕುವ ಖರ್ಚನ್ನೂ ಯೋಜನೆಯ ಬಜೆಟ್ಟಿನಲ್ಲಿ ಮೊದಲೇ ತೋರಿಸಬೇಕು.