ಅರ್ಬುದ ಶಸ್ತ್ರಚಿಕಿತ್ಸೆಯಲ್ಲಿ ರಕ್ತಹೀನತೆ ಮತ್ತು ರಕ್ತಪೂರಣ

ಅರ್ಬುದದ ಗಡ್ಡೆಯನ್ನು ಛೇದಿಸಿ ತೆಗೆಯುವುದಕ್ಕೆ ಮೊದಲೇ ರೋಗಿಯ ರಕ್ತದ ಕೊರತೆಯನ್ನು ಅಳೆದು, ಅದನ್ನು ಆದಷ್ಟು ಔಷಧದಿಂದ ನೀಗಿ, ನೀಗದೆ ಉಳಿದುದಕ್ಕೆ ಮಾತ್ರ ಅನ್ಯರ ರಕ್ತವನ್ನು ಆಶ್ರಯಿಸುವ ವೈದ್ಯಕ್ರಮ. ಮುಂಬಯಿಯ ವಡಾಲ, ಪರೇಲ್ ಪ್ರದೇಶಕ್ಕೂ ಈ ಕ್ರಮಕ್ಕೆ ಆಧಾರವಾದ ರಕ್ತದ ಶಾಸ್ತ್ರಕ್ಕೂ ಇರುವ ಸಂಬಂಧ ಹಳೆಯದು. 1928ರಿಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಈ ನಗರದ ಬಟ್ಟೆ ಗಿರಣಿಗಳ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ರಕ್ತಹೀನತೆ ಯೀಸ್ಟಿನ ಸಾರದಿಂದ ಗುಣವಾಗುವುದೆಂದು ತೋರಿಸಿಕೊಟ್ಟರು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲವೆನಿಸಿತು. 1941ರ ಫೆಬ್ರವರಿ 28ರಂದು ಪರೇಲ್‌ನಲ್ಲಿ ಅರ್ಬುದ ಚಿಕಿತ್ಸೆಯ ಟಾಟಾ ಸ್ಮಾರಕ ಆಸ್ಪತ್ರೆ ತೆರೆಯಿತು. ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆಯಿರುವ ವಡಾಲದ ಕನ್ನಡಿಗರಿಗೆ ಅದು ಕೇವಲ ‘ಟಾಟಾ’. ಊರಿಂದ ಬಂದ ನೆಂಟರನ್ನು ‘ಟಾಟಾಕ್ಕೆ ತೋರಿಸುವುದು’ ಇಲ್ಲಿನ ಮನೆಗಳಿಗೆ ಅಪರಿಚಿತವಾದ ಕರ್ತವ್ಯವಲ್ಲ.

100 ಮಿಲಿಲೀಟರು ರಕ್ತದಲ್ಲಿ ಹಿಮೋಗ್ಲೋಬಿನ್ ಪುರುಷರಲ್ಲಿ 13 ಗ್ರಾಂಗಿಂತಲೂ, ಗರ್ಭಿಣಿಯರಲ್ಲದ ಸ್ತ್ರೀಯರಲ್ಲಿ 12 ಗ್ರಾಂಗಿಂತಲೂ ಕಡಮೆಯಾದರೆ ಅದು ರಕ್ತಹೀನತೆ. ಜಠರ ಮತ್ತು ದೊಡ್ಡಕರುಳಿನ ಗಡ್ಡೆಗಳಿಂದ ತಿಂಗಳುಗಟ್ಟಲೆ ಕಣ್ಣಿಗೆ ಕಾಣದಂತೆ ರಕ್ತ ಒಸರುತ್ತದೆ. ಬಾಯಿಯ, ಅನ್ನನಾಳದ ರೋಗಿಗಳು ನುಂಗಲಾರದೆ ಸೊರಗುತ್ತಾರೆ. ಕಿಮೊಥೆರಪಿಯಿಂದ ಅಸ್ಥಿಮಜ್ಜೆ ಕುಗ್ಗುತ್ತದೆ. ಇವೆಲ್ಲಕ್ಕಿಂತ ಗೂಢವಾದ ಕಾರಣವೊಂದುಂಟು: ರೋಗದ ಉರಿಯೂತದಿಂದ ಪ್ರಚೋದಿತವಾದ ಯಕೃತ್ತು ಹೆಪ್ಸಿಡಿನ್ ಎಂಬ ದ್ರವ್ಯವನ್ನು ಹೆಚ್ಚಾಗಿ ಸ್ರವಿಸಿ, ಕರುಳು ಕಬ್ಬಿಣವನ್ನು ಹೀರದಂತೆಯೂ, ದೇಹದಲ್ಲಿ ಸಂಚಿತವಾದ ಕಬ್ಬಿಣ ಮಜ್ಜೆಯನ್ನು ಸೇರದಂತೆಯೂ ತಡೆಯುವುದರಿಂದ, ತಪ್ಪದೆ ಮಾತ್ರೆ ನುಂಗಿದ ರೋಗಿಯಲ್ಲಿಯೂ ಹಿಮೋಗ್ಲೋಬಿನ್ ಏರದೆ ಹೋಗಬಹುದು.

ಅಂಥವರಿಗೆ ಕಬ್ಬಿಣವನ್ನು ಸಿರೆಯ ಮೂಲಕ ಕೊಡುವರು. ಇದೂ ಸರ್ವಸಿದ್ಧಿಯಲ್ಲ: 487 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಬ್ರಿಟಿಷ್ ಪರೀಕ್ಷೆಯೊಂದರಲ್ಲಿ, ಉದರದ ದೊಡ್ಡ ಶಸ್ತ್ರಕ್ರಿಯೆಗೆ ಮುನ್ನ ಹೀಗೆ ಕಬ್ಬಿಣ ಕೊಟ್ಟುದರಿಂದ ರಕ್ತಪೂರಣದ ಅಗತ್ಯ ಕಡಮೆಯಾಗಲಿಲ್ಲ. ಆದರೂ ಕೊರತೆಯ ಕಾರಣವನ್ನು ರೋಗನಿರ್ಣಯವಾದ ದಿನವೇ ಹುಡುಕತೊಡಗುವುದು ಅವಶ್ಯ. ಶಸ್ತ್ರಕ್ರಿಯೆಯ ಹಿಂದಿನ ಸಂಜೆ ರಕ್ತಕ್ಕಾಗಿ ಬಂಧುಗಳನ್ನು ಓಡಾಡಿಸುವುದು ಚಿಕಿತ್ಸೆಯಾಗಲಾರದು. ಶಸ್ತ್ರಕ್ರಿಯೆಯ ಕಾಲದಲ್ಲಿ ರಕ್ತನಷ್ಟವನ್ನು ತಗ್ಗಿಸಲು ಟ್ರಾನೆಕ್ಸಾಮಿಕ್ ಆಮ್ಲ ನೆರವಾಗುತ್ತದೆ.

ರಕ್ತಸ್ರಾವವಿಲ್ಲದೆ ಸ್ಥಿರವಾಗಿರುವ ರೋಗಿಗೆ ಹಿಮೋಗ್ಲೋಬಿನ್ 7 ಗ್ರಾಂಗಿಂತ ಕೆಳಗಿಳಿದಾಗ, ಹೃದ್ರೋಗವಿದ್ದರೆ 8ರ ಆಸುಪಾಸಿನಲ್ಲಿ, ಕೆಂಪುಕಣಗಳನ್ನು ಕೊಡುವುದು ಈಗಿನ ರೂಢಿ. ಒಂದು ಚೀಲದಿಂದ ಸುಮಾರು 1 ಗ್ರಾಂ ಏರುತ್ತದೆ. ಆದುದರಿಂದ ಒಂದನ್ನು ಕೊಟ್ಟು, ಪರೀಕ್ಷಿಸಿ, ಬೇಕಾದರೆ ಮಾತ್ರ ಮತ್ತೊಂದನ್ನು ಕೊಡುವುದು ವಿವೇಕ. ರಕ್ತ ಪಡೆದವರಲ್ಲಿ ಅರ್ಬುದ ಮರುಕಳಿಸುವುದು ಹೆಚ್ಚೆಂದು ಕೆಲವು ಅಧ್ಯಯನಗಳು ಸೂಚಿಸಿವೆಯಾದರೂ, ಅದಕ್ಕೆ ರಕ್ತವೇ ಕಾರಣವೋ ರಕ್ತ ಬೇಕಾಗುವಷ್ಟು ಉಲ್ಬಣಿಸಿದ ರೋಗ ಕಾರಣವೋ ಎಂಬುದು ತೀರ್ಮಾನವಾಗಿಲ್ಲ. ಭಾರತದಲ್ಲಿ ಪ್ರತಿಯೊಂದು ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಗಳಿಗಾಗಿ ಪರೀಕ್ಷಿಸಬೇಕು. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಫಲವಾಗಿ ಹಣಕ್ಕೆ ರಕ್ತ ಮಾರುವುದು ನಿಷಿದ್ಧವಾಯಿತು.

ಪರೇಲ್‌ನಲ್ಲಿಯೇ ವೈ. ಎಂ. ಭೇಂಡೆ ಮತ್ತು ಸಂಗಡಿಗರು ಗುರುತಿಸಿ, 1952ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಬಾಂಬೆ ರಕ್ತಗುಂಪು ಈ ವಿಷಯದ ಅತಿ ಕಠಿನವಾದ ಅಧ್ಯಾಯ. ಈ ಗುಂಪಿನ ಕಣಗಳು ‘ಎ’, ‘ಬಿ’ ಪ್ರತಿಕಾಯಗಳೆರಡಕ್ಕೂ ಮಿಸುಕದೆ, ಮೇಲುನೋಟದ ಪರೀಕ್ಷೆಯಲ್ಲಿ ‘ಓ’ ಗುಂಪಿನಂತೆಯೇ ತೋರುತ್ತವೆ. ಆದರೆ ಅವುಗಳಲ್ಲಿ ‘ಎಚ್’ ಎಂಬ ಮೂಲದ್ರವ್ಯವೇ ಇಲ್ಲ. ರೋಗಿಯ ರಕ್ತರಸದಲ್ಲಿ ಅದಕ್ಕೆ ವಿರೋಧಿಯಾದ ಪ್ರತಿಕಾಯವಿರುವುದರಿಂದ, ದಾನಿಯ ಕಣಗಳನ್ನು ಆ ರಕ್ತರಸದೊಡನೆ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಯಲ್ಲಿ ‘ಓ’ ಕಣಗಳು ನಳಿಕೆಯಲ್ಲಿ ಗಂಟುಕಟ್ಟುತ್ತವೆ. ಅಂಥ ರೋಗಿಗೆ ಸಾಮಾನ್ಯ ‘ಓ’ ರಕ್ತ ಪ್ರಾಣಾಂತಿಕವಾಗಬಲ್ಲುದು. ಸ್ವಗುಂಪಿನ ದಾನಿಯನ್ನೇ ಹುಡುಕಬೇಕು. ಹುಡುಕಾಟವನ್ನು ಒಡಹುಟ್ಟಿದವರಿಂದ ಆರಂಭಿಸುವುದು ಲೇಸು, ಏಕೆಂದರೆ ಈ ಲಕ್ಷಣ ಆನುವಂಶಿಕವಾಗಿದ್ದು, ತಂದೆತಾಯಿಗಳಿಬ್ಬರಿಂದಲೂ ಬಂದಾಗ ಮಾತ್ರ ವ್ಯಕ್ತವಾಗುತ್ತದೆ.