ದಿಲ್ಲಿ ಚೆನ್ನೋ, ಮುಂಬಯಿ ಚೆನ್ನೋ?

ಊರಿಂದ ಬಂದ ನೆಂಟರೆಲ್ಲ ಕೇಳುವುದು ಇದನ್ನೇ. ಬ್ಯಾಂಕಿನ ವರ್ಗಾವಣೆಯಿಂದ ಎರಡೂ ಕಡೆ ಸಂಸಾರ ಹೂಡಿದವನು ನಾನು. ದಿಲ್ಲಿಯ ಕೆಂಪುಕೋಟೆ, ಹುಮಾಯೂನ್ ಗೋರಿ ಅರಮನೆಯ ದುಡ್ಡಿನವು, ನೋಡಿದರೇ ಗೊತ್ತಾಗುತ್ತೆ. ಮುಂಬಯಿಯದು ವ್ಯಾಪಾರಿಗಳ ದುಡ್ಡು, ಯಾರಾದರೂ ಹೇಳಬೇಕು.

ಅದಕ್ಕೇ ಗೇಟ್‌ವೇ ತೋರಿಸಿದ ಮೇಲೆ ನೆಂಟರನ್ನು ಓವಲ್ ಮೈದಾನಕ್ಕೆ ಕರೆದೊಯ್ದು ರಾಜಾಬಾಯಿ ಗೋಪುರದ ಎದುರು ನಿಲ್ಲಿಸುತ್ತೇನೆ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ನಮ್ಮ ಧಾರವಾಡದ್ದೂ ಸೇರಿ ಇಲ್ಲಿಯ ಹತ್ತಿಗೆ ಎಲ್ಲಿಲ್ಲದ ಬೆಲೆ! ಬಂದ ಹಣವೆಲ್ಲ ಮುಂಬಯಿಯ ಶೇರುಗಳಿಗೆ ಸುರಿಯಿತು. ಆ ಆಟದ ದೊಡ್ಡ ದಲ್ಲಾಳಿ ಪ್ರೇಮಚಂದ ರಾಯಚಂದ. 1865ರಲ್ಲಿ ಯುದ್ಧ ಮುಗಿದು ಶೇರುಗಳು ನೆಲ ಕಚ್ಚಿದವು. 1868ರಲ್ಲಿ ಬ್ಯಾಂಕ್ ಆಫ್ ಬಾಂಬೆಯೇ ಮುಳುಗಿತು. ಶೇರು ಅಡವಿಟ್ಟುಕೊಂಡು ಸಾಲ ಕೊಟ್ಟಿದ್ದರಂತೆ. ಸಾಲ ವಿಭಾಗದಲ್ಲಿ ಕೂತವನಿಗೆ ಇದನ್ನು ಹೇಳುವಾಗ ಈಗಲೂ ಹೊಟ್ಟೆ ತೊಳಸುತ್ತೆ.

ಪ್ರೇಮಚಂದರು ಏಳಿಗೆಯಲ್ಲಿದ್ದಾಗ ಕೊಟ್ಟ ದಾನದಿಂದ ಎದ್ದ ಗೋಪುರ ಇದು, ಮುಗಿದದ್ದು 1878ರಲ್ಲಿ. ಹೆಸರು ಅವರ ತಾಯಿಯದು.

ಹನ್ನೊಂದು ವರ್ಷ ಚರ್ಚ್‌ಗೇಟ್‌ನಲ್ಲಿ ಇಳಿದು ಇದೇ ಮೈದಾನ ದಾಟಿ ಆಫೀಸಿಗೆ ಓಡಿದೆ. ಆಗ ಆ ಗೋಪುರದಲ್ಲಿ ನಾನು ಕಂಡದ್ದು ಗಡಿಯಾರ ಒಂದನ್ನೇ, ಅದೂ ತಡವಾಯಿತೇನೋ ಎಂಬ ಭಯದಲ್ಲಿ.